ಅವರು ಮರಳಿಗೆ ಬಂದದ್ದು ಯಾಕೆ?

2024ರ ಜುಲೈನಲ್ಲಿ ಒಂದು ವಿಡಿಯೋ ಜಗತ್ತಿನ ಟಿವಿಗಳಲ್ಲೆಲ್ಲ ಓಡಿತು. ನದಿಯ ಮರಳ ದಂಡೆಯಲ್ಲಿ ಐವತ್ತಕ್ಕೂ ಹೆಚ್ಚು ಕಾಡಿನ ಜನ. ಪೆರು ದೇಶದ ಮಾಷ್ಕೋ ಪಿರೋ ಬುಡಕಟ್ಟು. 'ಹೊರಜಗತ್ತನ್ನೇ ಕಾಣದ ಜನ' ಅಂತ ಹೆಡ್‌ಲೈನ್ ಹಾಕಿದ್ದಾಯ್ತು. ಅವರು ಮರಳಿಗೆ ಬಂದದ್ದು ಯಾಕೆ ಅಂತ ಕೇಳಿದವರು ಕಡಿಮೆ.

ಉತ್ತರ ನದಿಯಲ್ಲಿದೆ. ಈ ಜನ ಓಡಾಡುವ ಕಾಡಿನ ದೊಡ್ಡ ಭಾಗ ಮನು ರಾಷ್ಟ್ರೀಯ ಉದ್ಯಾನ. ನಮ್ಮ ಮನುವಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಅಲ್ಲಿನ ನದಿಯ ಹೆಸರು. 1973ರಲ್ಲಿ ಉದ್ಯಾನವಾಯಿತು, 1987ರಲ್ಲಿ ವಿಶ್ವ ಪರಂಪರೆ ತಾಣ. ಮೇಲೆ ಆಂಡಿಸ್ ಪರ್ವತದ ಹುಲ್ಲುಗಾವಲು, ನಡುವೆ ಮೋಡ ಮುಸುಕಿದ ಕಾಡು, ಕೆಳಗೆ ಅಮೆಜಾನ್ ಮಳೆಕಾಡು. ಹಕ್ಕಿಗಳೇ 850ಕ್ಕೂ ಹೆಚ್ಚು ಬಗೆ. ಕುಸ್ಕೊ ನಗರದಿಂದ ಪರ್ವತ ದಾಟಿ, ಆಮೇಲೆ ದೋಣಿ ಹತ್ತಿದರೆ ಮಾತ್ರ ಈ ತಗ್ಗಿನ ಕಾಡು ಸಿಗುತ್ತೆ.

ಇಲ್ಲಿ ನದಿ ಒಂದೇ ಕಡೆ ಹರಿಯಲ್ಲ. ಒಂದು ದಡ ಕೊರೆದು ಮರ ಉರುಳಿಸುತ್ತೆ, ಎದುರು ದಡದಲ್ಲಿ ಮರಳು ಸುರಿಯುತ್ತೆ. ಅಲ್ಲಿ ಹೊಸ ಕಾಡು ಹುಟ್ಟುತ್ತೆ. ಬಿಟ್ಟುಹೋದ ತಿರುವು ಬಿಲ್ಲಿನಾಕಾರದ ಕೆರೆಯಾಗುತ್ತೆ. ಆ ಕೆರೆಗಳಲ್ಲಿ ಮನುಷ್ಯನಷ್ಟು ಉದ್ದದ ದೈತ್ಯ ನೀರುನಾಯಿಗಳು ಮೀನು ಹಿಡಿಯುತ್ತವೆ. ಮಳೆ ಕಡಿಮೆಯಾಗಿ ನೀರು ಇಳಿದಾಗ ಮರಳಲ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಾಗಿ ಮಾಷ್ಕೋ ಪಿರೋ ಜನ ದಂಡೆಗೆ ಬರುತ್ತಾರೆ. ನಾವು ನೋಡಿದ್ದು ಅಚ್ಚರಿಯಲ್ಲ ಸ್ವಾಮಿ, ಅವರ ಹೊಟ್ಟೆಪಾಡು.

ಇನ್ನು 'ಹೊರಜಗತ್ತನ್ನೇ ಕಾಣದವರು' ಅನ್ನೋದೂ ತಪ್ಪು. 1890ರ ದಶಕದಲ್ಲಿ ಕಾರ್ಲೋಸ್ ಫಿಟ್ಸ್‌ಕರಾಲ್ಡ್ ಎಂಬ ರಬ್ಬರ್ ದೊರೆ ಇದೇ ಮನು ನದಿಗೆ ಬಂದ. ಅವನ ಬಂದೂಕುಗಳಿಗೆ ಇವರ ಪೂರ್ವಜರು ದೊಡ್ಡ ಸಂಖ್ಯೆಯಲ್ಲಿ ಬಲಿಯಾದರು. ಉಳಿದವರು ಕಾಡಿನೊಳಕ್ಕೆ ಸರಿದರು. ಅಂದರೆ ಇವರು ನಮ್ಮನ್ನು ಕಂಡಿದ್ದಾರೆ, ಕಂಡೇ ದೂರವಾದವರು.

ಇಂದು ಬಂದೂಕೇ ಬೇಕಿಲ್ಲ, ಒಂದು ಫ್ಲೂ ಸಾಕು. ಹೊರಗಿನ ಸೋಂಕುಗಳನ್ನು ತಡೆಯುವ ಶಕ್ತಿ ಅವರ ದೇಹದಲ್ಲಿಲ್ಲ. ಆ ವಿಡಿಯೋ ತೆಗೆದ ಜಾಗ ಉದ್ಯಾನದ ಹೊರಗಿನದು. ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ ಮರ ಕಡಿಯಲು ಸರ್ಕಾರವೇ ಗುತ್ತಿಗೆ ಕೊಟ್ಟಿದೆ. ಆಮೆಗೂ ಗೊತ್ತಿಲ್ಲ, ಆ ಜನಕ್ಕೂ ಗೊತ್ತಿಲ್ಲ, ಉದ್ಯಾನದ ಗೆರೆ ಎಲ್ಲಿ ಮುಗಿಯುತ್ತೆ ಅಂತ.

ಹಾಗಂತ ರಸ್ತೆ ಕೇಳುವವರೆಲ್ಲ ಖಳನಾಯಕರಲ್ಲ. ಉದ್ಯಾನದ ಅಂಚಿನ ಊರಿನವರಿಗೂ ಆಸ್ಪತ್ರೆ ಬೇಕು, ಬೆಳೆದ ಬಾಳೆಗೆ ಮಾರುಕಟ್ಟೆ ಬೇಕು. ಆದರೆ ಆ ರಸ್ತೆಯಲ್ಲಿ ಆಂಬುಲೆನ್ಸ್ ಒಂದೇ ಬರಲ್ಲ. ಮರದ ಲಾರಿಯೂ ಬರುತ್ತೆ, ಚಿನ್ನಕ್ಕಾಗಿ ನದಿಗೆ ಪಾದರಸ ಸುರಿಯುವವನೂ ಬರುತ್ತಾನೆ. ಊರಿನವರಿಗೆ ವೈದ್ಯರನ್ನು ದೋಣಿಯಲ್ಲೇ ಕಳಿಸಬಹುದು. ಖರ್ಚಾಗುತ್ತೆ, ನಿಜ. ಆದರೆ ಮರಳಿಗೆ ಬಂದವರಿಗೆ ಹೊರಗಿನ ಜ್ವರ ತಗುಲಿದರೆ, ಆಮೇಲೆ ಕಳಿಸೋಕೆ ಯಾವ ದೋಣಿಯೂ ಇಲ್ಲ.