ಗಿಟಾರಿನ ನಾದರಂಧ್ರ ವಿಚಾರ

ತಂತೀವಾದ್ಯಗಳ ಮುಖಫಲಕದಲ್ಲಿ ಕೊರೆಯುವ ರಂಧ್ರವು ನಾದವು ಹೊರಬೀಳುವ ಬಾಗಿಲೆಂದು ಸಾಮಾನ್ಯರ ಭಾವನೆ. ಬಾಗಿಲು ಹಿರಿದಾದಷ್ಟೂ ನಾದವು ಗಂಭೀರವಾಗುವುದೆಂದು ಈ ಲೇಖಕನೂ ಬಹುಕಾಲ ನಂಬಿದ್ದನಲ್ಲದೆ ಶಿಷ್ಯರಿಗೂ ಹಾಗೆಯೇ ಹೇಳಿದ್ದುಂಟು. ಆ ಅನುಮಾನವು ದುಷ್ಟವೆಂಬುದನ್ನು, ಕುಶಲಿಗಳು ಕೈಯಿಂದ ನಿರ್ಮಿಸುವ ಗಿಟಾರ್ ವಾದ್ಯವನ್ನು ಮುಂದಿಟ್ಟುಕೊಂಡು ಇಲ್ಲಿ ನಿರೂಪಿಸುವೆನು.

ಮೊದಲು ದೃಷ್ಟಾಂತ. ಬರಿದಾದ ಸೀಸೆಯ ಬಾಯಿಯ ಮೇಲೆ ಅಡ್ಡಲಾಗಿ ಊದಿದರೆ ಒಂದು ಸ್ವರವು ಹುಟ್ಟುವುದಷ್ಟೆ. ಬಾಯಿಯ ಅರ್ಧವನ್ನು ಬೆರಳಿನಿಂದ ಮುಚ್ಚಿ ಊದಿದರೆ ಆ ಸ್ವರವು ಏರದೆ ಇಳಿಯುವುದು. ಇದಕ್ಕೆ ಕಾರಣವಿಷ್ಟೆ: ಒಳಗಿನ ವಾಯುವು ಅದುಮಿದರೆ ಹಿಂದಕ್ಕೆ ತಳ್ಳುವ ಸ್ಥಿತಿಸ್ಥಾಪಕ ಗುಣವುಳ್ಳದ್ದು, ಬಾಯಿಯಲ್ಲಿರುವ ವಾಯುವು ಅದರ ಮೇಲೆ ತೂಗಾಡುವ ಭಾರದಂತಿರುವುದು. ಬಾಯಿ ಕಿರಿದಾದರೆ ಅಷ್ಟೇ ವಾಯುವು ಇಕ್ಕಟ್ಟಿನಲ್ಲಿ ಹೆಚ್ಚು ವೇಗದಿಂದ ಹಾಯಬೇಕಾಗಿ, ಜಡತ್ವವು ಹೆಚ್ಚಿ ಕಂಪನವು ಮಂದವಾಗುವುದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪಂಡಿತನು 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಅನುರಣನವನ್ನು ವಿವೇಚಿಸಿರುವನು.

ಗಿಟಾರಿನ ಒಡಲೂ ಇಂತಹುದೇ ಒಂದು ಪಾತ್ರೆ. ಅದರ ವಾಯುವಿನ ಅನುರಣನವು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 100 ಕಂಪನಗಳಲ್ಲಿ ನಿಲ್ಲುವುದು. ಅತಿಮಂದ್ರ ತಂತಿಯ ಶ್ರುತಿಯು ಸುಮಾರು 82. ಅದರ ಮುಂದಿನದು 110. ಆದುದರಿಂದ ಇವೆರಡರ ನಡುವಣ ಸ್ವರಗಳಿಗೆ ರಂಧ್ರವು ಪುಷ್ಟಿಯನ್ನು ಕೊಡುವುದು. ಅನುರಣನಕ್ಕಿಂತ ಕೆಳಗೆ ಫಲಕವೂ ರಂಧ್ರದ ವಾಯುವೂ ಪರಸ್ಪರ ವಿರುದ್ಧವಾಗಿ ವರ್ತಿಸಿ ನಾದವನ್ನು ಕುಂದಿಸುವುವು. ತಾರಸ್ವರಗಳಾದರೋ ಬಹುಮಟ್ಟಿಗೆ ಫಲಕದಿಂದಲೇ ಹೊಮ್ಮುವುವು.

ಗೋಡೆಗಳು ಅಚಲವೆಂದಿಟ್ಟುಕೊಂಡರೆ, ತೆಳುಫಲಕದ ವರ್ತುಲರಂಧ್ರದಲ್ಲಿ ಕಂಪನಸಂಖ್ಯೆಯು ವ್ಯಾಸದ ವರ್ಗಮೂಲವನ್ನು ಅನುಸರಿಸುವುದು. 100 ಮಿಲಿಮೀಟರು ವ್ಯಾಸವನ್ನು 81ಕ್ಕೆ ತಗ್ಗಿಸಿದರೆ 100 ಕಂಪನಗಳು 90 ಆಗುವುವು. ನಿಜವಾದ ವಾದ್ಯದಲ್ಲಿ ಫಲಕವೂ ಚಲಿಸುವುದರಿಂದ ಈ ಲೆಕ್ಕವು ಸ್ಥೂಲವೆಂದು ತಿಳಿಯತಕ್ಕದ್ದು. ಸ್ಪೇನಿನ ಆಂಟೋನಿಯೊ ಡಿ ಟೋರೆಸನು 1856ರ 'ಲಾ ಲಿಯೋನಾ' ಎಂಬ ಗಿಟಾರಿನಲ್ಲಿ ರಂಧ್ರದಿಂದ ಒಳಮುಖವಾಗಿ ಲೋಹದ ಕೊಳವೆಯನ್ನು ಅಳವಡಿಸಿದನು. ವ್ಯಾಸವನ್ನು ಕಿರಿದುಮಾಡದೆಯೇ ಕೊರಳನ್ನು ಉದ್ದಮಾಡಿ ಅನುರಣನವನ್ನು ಇಳಿಸುವ ಉಪಾಯವಿದು.

ಆಕೃತಿಯೂ ಕೇವಲ ಅಲಂಕಾರವಲ್ಲ. ವಾಯುವು ರಂಧ್ರದ ನಡುವಿಗಿಂತ ಅಂಚಿನ ಬಳಿಯೇ ಹೆಚ್ಚಾಗಿ ಹರಿಯುವುದೆಂದು ಪಿಟೀಲಿನ ರಂಧ್ರಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಆದಕಾರಣ ಸಮಾನ ವಿಸ್ತೀರ್ಣದ ಎರಡು ರಂಧ್ರಗಳಲ್ಲಿ, ನೀಳವಾಗಿ ಕಿರಿದಾದುದು ವಾಯುವಿಗೆ ಹೆಚ್ಚು ಸುಗಮವಾದ ದಾರಿ. 1922ರ ಗಿಬ್ಸನ್ ಎಲ್-5 ಗಿಟಾರಿನಲ್ಲಿ ಪಿಟೀಲಿನಂತಹ ಜೋಡಿರಂಧ್ರಗಳು ಬಂದುವು. ಆದರೆ ಅದರ ಫಲಕವೂ ಕಮಾನಿನಂತೆ ಉಬ್ಬಿದುದಾದುದರಿಂದ, ನಾದಭೇದವನ್ನೆಲ್ಲ ರಂಧ್ರಕ್ಕೇ ಆರೋಪಿಸಲಾಗದು.

ಈ ವಿಚಾರವು ಶುಷ್ಕವಾದವಲ್ಲ. ಮಂದ್ರವು ಸೊರಗಿತೆಂದು ರಂಧ್ರವನ್ನು ಹಿಗ್ಗಿಸುವ ಶಿಲ್ಪಿಯು ದೋಷವನ್ನು ಇಮ್ಮಡಿಸಿಯಾನು. ಕೊರೆದ ಮರವು ಮರಳಿ ಕೂಡದು. ಮೊದಲು ಕಿರಿದಾಗಿ ಕೊರೆದು, ಆಲಿಸಿ, ಬಳಿಕ ಮೆಲ್ಲಮೆಲ್ಲನೆ ಹಿಗ್ಗಿಸುವುದು ವಿವೇಕ. ಸಿದ್ಧವಾದ ವಾದ್ಯದಲ್ಲಿ ರಂಧ್ರದ ಒಂದು ಭಾಗವನ್ನು ರಟ್ಟಿನಿಂದ ಮುಚ್ಚಿ ಯಾರಾದರೂ ಪರೀಕ್ಷಿಸಬಹುದು.

ನನ್ನ ಪ್ರಮಾದದ ಮೂಲವು 'ಬಾಗಿಲು' ಎಂಬ ರೂಪಕವನ್ನೇ ಹೇತುವೆಂದು ಹಿಡಿದುದು. ರೂಪಕವು ಕಾವ್ಯಕ್ಕೆ ಭೂಷಣ; ಶಾಸ್ತ್ರದಲ್ಲಿ ಅದು ಪ್ರಮಾಣವಾಗಲಾರದು. ಸಾಹಿತ್ಯವನ್ನು ಬೋಧಿಸುವ ಮಹನೀಯರು ಇದನ್ನು ಪರಾಮರ್ಶಿಸಬೇಕೆಂದು ಪ್ರಾರ್ಥಿಸುವೆನು.