ಕಬ್ಬಿನ ಹಾಲಿನಿಂದ ಸಕ್ಕರೆಯವರೆಗೆ: ಕೆಮಿಕಲ್ ಎಂಜಿನಿಯರ್‌ನ ಕೆಲಸ ಮತ್ತು ಕಲಿಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ನೀರಿನಿಂದ ಕಬ್ಬು ಬೆಳೆಯುವ ನೆಲ. ಸಂಕೇಶ್ವರದ ಹಿರಣ್ಯಕೇಶಿ ಮತ್ತು ಗೋಕಾಕ ಭಾಗದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗಳ ಜೊತೆಗೆ ಹುಣಶ್ಯಾಳ ಪಿ.ಜಿ., ಬೆಲ್ಲದ ಬಾಗೇವಾಡಿಗಳಲ್ಲಿ ಖಾಸಗಿ ಕಾರ್ಖಾನೆಗಳೂ ನಡೆಯುತ್ತಿದ್ದು, ಸಾವಿರಾರು ಕುಟುಂಬಗಳ ವರ್ಷದ ಲೆಕ್ಕ ಕಬ್ಬು ನುರಿಸುವ ಹಂಗಾಮಿನ ಮೇಲೆಯೇ ನಿಂತಿದೆ. ಗದ್ದೆಯಿಂದ ತೂಕದ ಸೇತುವೆಯವರೆಗಿನ ಕಬ್ಬಿನ ಪಯಣ ಎಲ್ಲರಿಗೂ ಗೊತ್ತು. ಕಾರ್ಖಾನೆಯ ಒಳಗೆ ಅದು ಸಕ್ಕರೆಯಾಗುವ ಬಗೆ ಮತ್ತು ಅದನ್ನು ನಡೆಸುವ ಕೆಮಿಕಲ್ ಎಂಜಿನಿಯರ್‌ನ ವಿದ್ಯೆ ಮಾತ್ರ ಕಬ್ಬು ಬೆಳೆಯುವವರಿಗೂ ಅಷ್ಟಾಗಿ ಪರಿಚಿತವಲ್ಲ.

ರಸಾಯನಶಾಸ್ತ್ರಜ್ಞ ಗಾಜಿನ ಬಟ್ಟಲಿನಲ್ಲಿ ಸಾಧಿಸಿದ ಕ್ರಿಯೆಯನ್ನು ದಿನಕ್ಕೆ ಸಾವಿರಾರು ಟನ್ ಪ್ರಮಾಣದಲ್ಲಿ, ಸುರಕ್ಷಿತವಾಗಿ, ಕಡಿಮೆ ವೆಚ್ಚದಲ್ಲಿ ನಡೆಸುವುದು ಕೆಮಿಕಲ್ ಎಂಜಿನಿಯರ್‌ನ ಹೊಣೆ. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದರೆ ಅದರಲ್ಲಿ ಹಿಡಿಯುವ ದ್ರವ ಎಂಟು ಪಟ್ಟು ಹೆಚ್ಚುತ್ತದೆ, ಆದರೆ ಶಾಖ ಒಳಹೊಕ್ಕುವ ಮೇಲ್ಮೈ ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಚಿಕ್ಕದರಲ್ಲಿ ಸುಲಭವಾದದ್ದು ದೊಡ್ಡದರಲ್ಲಿ ಹೊಸ ಸಮಸ್ಯೆಯಾಗಿ ನಿಲ್ಲುತ್ತದೆ. ಈ ಸಮಸ್ಯೆಗಳಿಗೇ ಪ್ರತ್ಯೇಕ ಶಾಸ್ತ್ರ ಬೇಕೆಂದು ಜಾರ್ಜ್ ಡೇವಿಸ್ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1887ರಲ್ಲಿ ಉಪನ್ಯಾಸಗಳನ್ನು ನೀಡಿದರು. ಮರುವರ್ಷವೇ ಅಮೆರಿಕದ ಎಂಐಟಿಯಲ್ಲಿ ಈ ವಿಷಯದ ಪದವಿ ಶಿಕ್ಷಣ ಆರಂಭವಾಯಿತು. ಕುದಿಸುವುದು, ಸೋಸುವುದು, ಬಟ್ಟಿ ಇಳಿಸುವುದು, ಒಣಗಿಸುವುದು ಮುಂತಾದ ಮೂಲ ಕ್ರಿಯೆಗಳು ಎಲ್ಲ ಕಾರ್ಖಾನೆಗಳಿಗೂ ಸಮಾನವೆಂಬ ತತ್ತ್ವವನ್ನು ಆರ್ಥರ್ ಲಿಟ್ಲ್ 1915ರಲ್ಲಿ ಮಂಡಿಸಿದರು. ಸಕ್ಕರೆ ಕಾರ್ಖಾನೆಯಲ್ಲಿ ಈ ಮೂಲ ಕ್ರಿಯೆಗಳಲ್ಲಿ ಬಹುಪಾಲು ಒಂದೇ ಸೂರಿನಡಿ ಕಾಣಸಿಗುತ್ತವೆ.

ಗಿರಣಿಯಲ್ಲಿ ಹಿಂಡಿದ ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಜೊತೆಗೆ ಮಣ್ಣು, ಮೇಣ, ಬಣ್ಣದ ಅಂಶಗಳು ಬೆರೆತಿರುತ್ತವೆ. ಹಾಲನ್ನು ಬಿಸಿ ಮಾಡಿ, ಸುಣ್ಣದ ಹಾಲನ್ನೂ ಗಂಧಕ ಸುಟ್ಟು ಪಡೆದ ಅನಿಲವನ್ನೂ ಸೇರಿಸಿ, ಮತ್ತೆ ಕುದಿಯುವ ಮಟ್ಟಕ್ಕೆ ಕಾಯಿಸಿ ನಿಲ್ಲಿಸಿದಾಗ ಕಲ್ಮಶ ಮಡ್ಡಿಯಾಗಿ ತಳಕ್ಕಿಳಿದು, ತಿಳಿಯಾದ ರಸ ಮೇಲುಳಿಯುತ್ತದೆ. ಇಲ್ಲಿ ಎಂಜಿನಿಯರ್ ಕಾಯಬೇಕಾದದ್ದು ಆಮ್ಲ ಮತ್ತು ಕ್ಷಾರದ ಪ್ರಮಾಣವನ್ನು ತಿಳಿಸುವ ಪಿಎಚ್ ಎಂಬ ಅಳತೆ. ಅದು 7ರ ಆಸುಪಾಸಿನಲ್ಲಿರಬೇಕು. ರಸ ಆಮ್ಲದತ್ತ ವಾಲಿದರೆ ಸಕ್ಕರೆ ಒಡೆದು ಹರಳುಗಟ್ಟದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಕ್ಷಾರದತ್ತ ವಾಲಿದರೆ ರಸ ಕಪ್ಪಾಗುತ್ತದೆ.

ಮುಂದಿನ ಹಂತ ನೀರನ್ನು ಆವಿಯಾಗಿಸುವುದು. ಶೇ 15ರಷ್ಟು ಕರಗಿದ ಘನಾಂಶವಿರುವ 100 ಟನ್ ರಸವನ್ನು ಶೇ 60ರ ಪಾಕವಾಗಿಸಲು 75 ಟನ್ ನೀರನ್ನು ತೆಗೆಯಬೇಕು; ಒಂದೇ ಪಾತ್ರೆಯಲ್ಲಿ ಕುದಿಸಿದರೆ ಇದಕ್ಕೆ ಸರಿಸುಮಾರು ಅಷ್ಟೇ ತೂಕದ ಹಬೆ ಖರ್ಚಾಗುತ್ತದೆ. 1840ರ ದಶಕದಲ್ಲಿ ಅಮೆರಿಕದ ಲೂಯಿಸಿಯಾನಾದ ನಾರ್ಬರ್ಟ್ ರಿಲ್ಯೂ ಇದಕ್ಕೆ ಪರಿಹಾರ ಕಂಡುಕೊಂಡರು: ಮೊದಲ ಪಾತ್ರೆಯಿಂದ ಏಳುವ ಆವಿಯಿಂದಲೇ ಎರಡನೆಯದನ್ನು, ಅದರ ಆವಿಯಿಂದ ಮೂರನೆಯದನ್ನು ಕಾಯಿಸುತ್ತ, ಒಂದೊಂದರಲ್ಲೂ ಒತ್ತಡ ಇಳಿಸಿದರೆ ಕಡಿಮೆ ಉಷ್ಣತೆಯಲ್ಲೇ ರಸ ಕುದಿಯುತ್ತದೆ. ಇಂಥ ನಾಲ್ಕು ಪಾತ್ರೆಗಳ ಸಾಲಿಗೆ 75 ಟನ್ ಹಬೆಯ ಬದಲು ಸುಮಾರು 19 ಟನ್ ಸಾಕು. ಹೀಗೆ ಉಳಿದ ಹಬೆ ವಿದ್ಯುತ್ತಾಗುವುದರಿಂದ, ಕಬ್ಬಿನ ಸಿಪ್ಪೆಯನ್ನೇ ಉರಿಸುವ ಕಾರ್ಖಾನೆಗಳು ಹೊರಗೂ ವಿದ್ಯುತ್ ಮಾರಬಲ್ಲವು.

ಗಟ್ಟಿ ಪಾಕವನ್ನು ನಿರ್ವಾತದಲ್ಲಿ ಕುದಿಸಿ ಹರಳುಗಟ್ಟಿಸಿ, ವೇಗವಾಗಿ ತಿರುಗುವ ಜರಡಿಯಲ್ಲಿ ಸಕ್ಕರೆಯನ್ನೂ ಹರಳಾಗದೆ ಉಳಿದ ಕಾಕಂಬಿಯನ್ನೂ ಬೇರ್ಪಡಿಸಲಾಗುತ್ತದೆ. ಕಬ್ಬಿನ ತೂಕದಲ್ಲಿ ಎಷ್ಟು ಪಾಲು ಸಕ್ಕರೆಯಾಯಿತೆಂಬ ಅಂಕಿಯೇ ಇಳುವರಿ ಅಥವಾ ರಿಕವರಿ. ಬೆಳೆಗಾರನ ಬದುಕಿಗೂ ಎಂಜಿನಿಯರ್‌ನ ಲೆಕ್ಕಕ್ಕೂ ಇರುವ ನೇರ ನಂಟು ಇದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅದಕ್ಕಿಂತ ಹೆಚ್ಚುವ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ನಿಗದಿಪಡಿಸಿತ್ತು. ಇನ್ನು ಎಂಜಿನಿಯರ್‌ನ ಕಡೆಯಿಂದ ನೋಡಿದರೆ, ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಯಲ್ಲಿ ಸಿಪ್ಪೆ, ಮಡ್ಡಿ, ಕಾಕಂಬಿಗಳಲ್ಲಿ ಸೋರಿಹೋಗುವ ಸಕ್ಕರೆಯಲ್ಲಿ ಕಬ್ಬಿನ ತೂಕದ ಶೇ 0.1ರಷ್ಟನ್ನು ಉಳಿಸಿದರೆ ದಿನಕ್ಕೆ 5 ಟನ್ ಸಕ್ಕರೆ ಹೆಚ್ಚು ಸಿಗುತ್ತದೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ದರ ಕೇಳಿ ರೈತರು ಹೋರಾಡಿದ ಮೇಲೆ, ಇಳುವರಿಯ ಅಂಕಿ ಪ್ರಯೋಗಾಲಯದ ಒಳಗಿನ ವಿಷಯವಾಗಿ ಮಾತ್ರ ಉಳಿದಿಲ್ಲ.

ಕಾಕಂಬಿಯದೂ ಈಗ ದೊಡ್ಡ ಅಧ್ಯಾಯ. ಯೀಸ್ಟ್ ಹಾಕಿ ಹುದುಗಿಸಿ ಬಟ್ಟಿ ಇಳಿಸಿದರೆ ಅದರಿಂದ ಎಥನಾಲ್ ಸಿಗುತ್ತದೆ. ಆದರೆ ಸಾಮಾನ್ಯ ಬಟ್ಟಿಯಿಂದ ಅದರ ಪ್ರಮಾಣ ಶೇ 95-96ನ್ನು ದಾಟದು, ಉಳಿದ ನೀರನ್ನು ಹೀರಲು ಸೂಕ್ಷ್ಮ ರಂಧ್ರಗಳ ಜಿಯೋಲೈಟ್ ಹರಳುಗಳು ಬೇಕಾಗುತ್ತವೆ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿರುವುದರಿಂದ ಈ ಕೆಲಸದ ಬೇಡಿಕೆ ಹೆಚ್ಚಿದೆ. ಜೊತೆಗೇ ಹೊಣೆಯೂ ಹೆಚ್ಚಿದೆ: ಒಂದು ಲೀಟರ್ ಮದ್ಯಸಾರದ ಹಿಂದೆ ಹಲವು ಲೀಟರ್ ಕಪ್ಪು ತ್ಯಾಜ್ಯ ನೀರು ಉಳಿಯುತ್ತದೆ, ಅದು ನದಿಗೆ ಸೇರಿದರೆ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ಆ ನೀರನ್ನು ಗಟ್ಟಿಗೊಳಿಸಿ ಉರಿಸುವುದು ಅಥವಾ ಗೊಬ್ಬರವಾಗಿಸುವುದು, ಅದರಿಂದ ಅನಿಲ ಪಡೆಯುವುದು ಕೂಡ ಇದೇ ಎಂಜಿನಿಯರ್‌ನ ಕರ್ತವ್ಯ.

ಈ ವೃತ್ತಿಗೆ ಬರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಓದಿ, ಸಿಇಟಿ ಅಥವಾ ಜೆಇಇ ಪರೀಕ್ಷೆಯ ಮೂಲಕ ನಾಲ್ಕು ವರ್ಷದ ಬಿ.ಇ. ಅಥವಾ ಬಿ.ಟೆಕ್. ಪದವಿಗೆ ಸೇರಬೇಕು, ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯಬಹುದು. ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಆರ್.ವಿ. ಕಾಲೇಜು, ತುಮಕೂರಿನ ಸಿದ್ಧಗಂಗಾ ಕಾಲೇಜು ಮುಂತಾದೆಡೆ ಈ ವಿಭಾಗವಿದೆ. ಎಷ್ಟು ಒಳಬಂತು, ಎಷ್ಟು ಹೊರಹೋಯಿತು, ಎಲ್ಲಿ ಉಳಿಯಿತು ಎಂಬ ದ್ರವ್ಯ ಮತ್ತು ಶಾಖದ ಲೆಕ್ಕವೇ ಈ ಓದಿನ ಬುನಾದಿ; ಅದರ ಮೇಲೆ ದ್ರವಗಳ ಹರಿವು, ಶಾಖದ ವರ್ಗಾವಣೆ, ಕ್ರಿಯೆಗಳ ವೇಗ, ಯಂತ್ರಗಳ ನಿಯಂತ್ರಣ ಮತ್ತು ಸುರಕ್ಷತೆಯ ಪಾಠಗಳು ಬರುತ್ತವೆ. ಸಕ್ಕರೆಯಲ್ಲೇ ಪರಿಣತಿ ಬಯಸುವವರಿಗೆ 1936ರಲ್ಲಿ ಆರಂಭವಾದ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಇದೆ, ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ.

ಕಬ್ಬು ಬೆಳೆಯುವ ಮನೆಯ ಮಕ್ಕಳು ಈ ವಿದ್ಯೆ ಕಲಿತರೆ, ತಮ್ಮ ಹಿರಿಯರು ಬೆಳೆದ ಕಬ್ಬಿನ ಪ್ರತಿ ಕಿಲೋ ಸಕ್ಕರೆಯ ಲೆಕ್ಕವನ್ನು ಅವರೇ ಇಡಬಲ್ಲರು, ನದಿಯ ನೀರನ್ನು ಕಾಯಬಲ್ಲರು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಾಲಾ ಕಾಲೇಜುಗಳ ಶಿಕ್ಷಕರು ತಮ್ಮ ವಿದ್ಯಾರ್ಥಿಗಳನ್ನು ಒಮ್ಮೆಯಾದರೂ ಹಂಗಾಮಿನ ದಿನಗಳಲ್ಲಿ ಕಾರ್ಖಾನೆಯ ಒಳಗೆ ಕರೆದೊಯ್ದು ಈ ಕೆಲಸವನ್ನು ಕಣ್ಣಾರೆ ತೋರಿಸಬೇಕು.