ಬರ್ಮುಡಾ ದ್ವೀಪದ ಸಿಹಿ ಈರುಳ್ಳಿಯ ಚರಿತ್ರೆ

ಈರುಳ್ಳಿಯೆಂದರೆ ಕಣ್ಣಿನಲ್ಲಿ ನೀರು ತರಿಸುವ ಖಾರದ ಗೆಡ್ಡೆಯೆಂದು ರೈತರೆಲ್ಲರೂ ಬಲ್ಲರು. ಆದರೆ ಹಸಿಯಾಗಿಯೇ ತಿನ್ನಬಹುದಾದಷ್ಟು ಸೌಮ್ಯವಾದ ಜಾತಿಗಳೂ ಉಂಟು. ಅವುಗಳಲ್ಲಿ ಬಹಳ ಪ್ರಸಿದ್ಧಿ ಪಡೆದುದು ಬರ್ಮುಡಾ ಈರುಳ್ಳಿ. ಇದರಿಂದ ಒಂದು ಸಣ್ಣ ದ್ವೀಪಕ್ಕೆ ಭಾಗ್ಯವು ಬಂದ ಬಗೆಯನ್ನೂ ಅದು ಕೈತಪ್ಪಿದ ಬಗೆಯನ್ನೂ ಹಣದ ಬೆಳೆಗಳನ್ನು ಬೆಳೆಯುವ ಹಿಡುವಳಿದಾರರೂ ಪಟೇಲರೂ ತಿಳಿದಿರುವುದು ಉಚಿತವು.

ಬರ್ಮುಡಾ ದ್ವೀಪಗಳು ಅಟ್ಲಾಂಟಿಕ್ ಮಹಾಸಾಗರದಲ್ಲಿ, ಅಮೆರಿಕದ ಕರಾವಳಿಗೆ ಸುಮಾರು ೬೫೦ ಮೈಲಿ ದೂರದಲ್ಲಿವೆ. ವಿಸ್ತೀರ್ಣವು ಸುಮಾರು ೨೦ ಚದರ ಮೈಲಿ. ಸಾಮಾನ್ಯವಾದ ಒಂದು ಹೋಬಳಿಗಿಂತಲೂ ಕಡಮೆ. ನದಿಯೆಂಬುದಿಲ್ಲ, ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು. ಅಲ್ಲಿಯ ಜನರು ಹಡಗಿನ ಕಸಬನ್ನೇ ನಂಬಿ ಬೇಸಾಯವನ್ನು ಅಲಕ್ಷ್ಯ ಮಾಡಿದ್ದರು. ೧೮೩೯ನೆಯ ಇಸವಿಯಲ್ಲಿ ಗವರ್ನರಾಗಿ ಬಂದ ವಿಲಿಯಂ ರೀಡ್ ಎಂಬವರು ನೇಗಿಲುಗಳನ್ನು ತರಿಸಿ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟರು. ೧೮೪೯ರಲ್ಲಿ ಮದೀರಾ ದ್ವೀಪದಿಂದ ಪೋರ್ತುಗೀಸ್ ಕುಟುಂಬಗಳು ಬಂದು ನೆಲೆಸಿ ದುಡಿದವು. ಗಾಳಿಗೆ ತಡೆಯಾಗಿ ಕಣಗಿಲೆಯ ಬೇಲಿಗಳನ್ನು ಬೆಳೆಸಿ, ಅವುಗಳ ಮರೆಯಲ್ಲಿ ಸಣ್ಣ ಸಣ್ಣ ಹೊಲಗಳನ್ನು ಸಾಗುವಳಿ ಮಾಡಿದರು.

ಈ ಈರುಳ್ಳಿಯು ಚಪ್ಪಟೆಯಾಗಿಯೂ ತೆಳುವಾದ ಸಿಪ್ಪೆಯುಳ್ಳದ್ದಾಗಿಯೂ ಇರುವುದು. ಸಿಹಿಗೆ ಸಕ್ಕರೆಯೇ ಕಾರಣವೆಂದು ತಿಳಿಯಕೂಡದು. ಖಾರವನ್ನುಂಟುಮಾಡುವುದು ಗಂಧಕದಿಂದ ಕೂಡಿದ ಪದಾರ್ಥ. ಅದು ಕಡಮೆಯಾದರೆ ಇರುವ ಸಕ್ಕರೆಯೇ ನಾಲಗೆಗೆ ತಿಳಿಯುವುದು. ಜಾತಿಯ ಗುಣದೊಡನೆ ಮಣ್ಣಿನಲ್ಲಿ ಗಂಧಕವು ಸ್ವಲ್ಪವಾಗಿರುವುದೂ ಇದಕ್ಕೆ ಸಹಾಯಕ. ಆದರೆ ಇಂತಹ ಗೆಡ್ಡೆಯಲ್ಲಿ ನೀರಿನ ಅಂಶ ಹೆಚ್ಚು. ಖಾರದ ಈರುಳ್ಳಿಯಂತೆ ಅಟ್ಟದ ಮೇಲೆ ತಿಂಗಳುಗಟ್ಟಲೆ ನಿಲ್ಲದು. ಬೆಲೆ ಏರಲೆಂದು ಕಾಯುವ ಅವಕಾಶವು ಬೆಳೆಗಾರನಿಗೆ ಇಲ್ಲವೇ ಇಲ್ಲ.

ಆದಕಾರಣ ಬರ್ಮುಡಾದ ಬಲವೆಲ್ಲವೂ ಕಾಲದಲ್ಲಿಯೇ ಇದ್ದಿತು. ಅಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲಕ್ಕೆ ಮೊದಲು ಮಡಿಗಳಲ್ಲಿ ಬಿತ್ತಿ, ಸಸಿಗಳನ್ನು ಕಿತ್ತು ನೆಟ್ಟರೆ, ವಸಂತದಲ್ಲಿ ಬೆಳೆ ಕೈಗೆ ಬರುವುದು. ಆಗ ನ್ಯೂಯಾರ್ಕಿನಲ್ಲಿ ಹಳೆಯ ಈರುಳ್ಳಿ ಮೊಳೆತು ಕೆಡುತ್ತಿದ್ದಿತು. ಹೊಸದು ಇನ್ನೂ ಬಂದಿರುತ್ತಿರಲಿಲ್ಲ. ಹೊಗೆಹಡಗು ಕೆಲವೇ ದಿನಗಳಲ್ಲಿ ಸರಕನ್ನು ತಲುಪಿಸುತ್ತಿದ್ದಿತು. ದ್ವೀಪದವರು ತಮ್ಮನ್ನೇ ‘ಈರುಳ್ಳಿಗಳು’ ಎಂದು ಹೆಮ್ಮೆಯಿಂದ ಕರೆದುಕೊಳ್ಳುವಷ್ಟು ಖ್ಯಾತಿ ಬಂದಿತು.

ಆದರೆ ಬೀಜವು ಅವರದಾಗಿರಲಿಲ್ಲ. ಈರುಳ್ಳಿಯ ಬೀಜವನ್ನು ಪಡೆಯಬೇಕಾದರೆ ಗೆಡ್ಡೆಯನ್ನು ಕಾಪಾಡಿ, ಮತ್ತೆ ನೆಟ್ಟು, ಹೂಗೊಂಚಲು ಬಲಿಯುವವರೆಗೂ ಕಾದಿರಬೇಕು. ಬೀಜವೂ ಒಂದೆರಡು ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಬರ್ಮುಡಾದವರು ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಿಂದ, ಮುಖ್ಯವಾಗಿ ಟೆನೆರೀಫದಿಂದ, ಬೀಜವನ್ನು ಕೊಂಡು ತರುತ್ತಿದ್ದರು. ಕೊಳ್ಳುವ ದಾರಿ ಇತರರಿಗೂ ತೆರೆದೇ ಇದ್ದಿತು.

೧೮೯೮ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಕೊಟುಲ್ಲಾ ಊರಿನ ಬಳಿ ಬರ್ಮುಡಾ ಈರುಳ್ಳಿಯನ್ನು ಬೆಳೆದು ನೋಡಿದರು. ಭೂಮಿ ವಿಶಾಲ, ನೀರಾವರಿಯ ಅನುಕೂಲ, ಹತ್ತಿರದಲ್ಲಿಯೇ ರೈಲು; ಕಡಲಿನ ಬಾಡಿಗೆಯೂ ಇಲ್ಲ, ಸುಂಕವೂ ಇಲ್ಲ. ಟೆನೆರೀಫದ ಬೀಜವನ್ನೇ ಬಿತ್ತಿ, ‘ಬರ್ಮುಡಾ’ ಎಂಬ ಹೆಸರಿನಿಂದಲೇ ಮಾರಿದರು. ಅಲ್ಲಿಯ ಒಂದು ಹಳ್ಳಿಗೂ ಬರ್ಮುಡಾ ಎಂದೇ ಹೆಸರಿಟ್ಟರು! ಹೆಸರನ್ನು ಗಳಿಸಿದವರು ದ್ವೀಪದವರು, ಅದರ ಲಾಭವನ್ನು ಉಂಡವರು ಬೇರೆಯವರು. ೧೯೩೦ರಲ್ಲಿ ಅಮೆರಿಕವು ಆಮದು ಸುಂಕವನ್ನು ಹೆಚ್ಚಿಸಲು, ಅಳಿದುಳಿದ ರಫ್ತೂ ಕುಸಿಯಿತು. ದ್ವೀಪದವರು ಪ್ರವಾಸಿಗಳಿಂದ ಬರುವ ಆದಾಯವನ್ನು ಅವಲಂಬಿಸಿದರು.

ಟೆಕ್ಸಸಿನವರಾದರೋ ಪರದೇಶದ ಬೀಜವನ್ನೇ ನೆಚ್ಚಿ ಕುಳಿತಿರಲಿಲ್ಲ. ಸ್ಪೇನಿನ ಮತ್ತೊಂದು ಜಾತಿಯ ವಂಶದಿಂದ ಆರಿಸಿದ ‘ಗ್ರಾನೋ ೫೦೨’ ಎಂಬ ಈರುಳ್ಳಿಯನ್ನು ೧೯೪೪ರಲ್ಲಿ ರೈತರಿಗೆ ಹಂಚಿದರು. ಅನಂತರ ಅಲ್ಲಿಯ ಹೊಲಗಳಲ್ಲಿಯೂ ಬರ್ಮುಡಾ ಈರುಳ್ಳಿಯು ಕ್ರಮೇಣ ಹಿಂದೆ ಬಿದ್ದಿತು.